ಪಂಚವಟಿಯ ಮಾಯಾಜಿಂಕೆ

ನಾಸಿಕದ ಪಂಚವಟಿಯಲ್ಲಿ ಮನೆ ಅಂದರೆ ಸಾಕು, ಊರ ಕಡೆಯವರು ಕೂತಲ್ಲೇ ಕೈ ಮುಗಿಯುತ್ತಾರೆ. ಸೀತಾ ಗುಂಫಾ, ಕಾಳಾರಾಮ ಮಂದಿರ, ರಾಮಕುಂಡ ಎಲ್ಲ ನಮಗೆ ನಡಿಗೆಯ ದೂರ. ಬಂದ ನೆಂಟರನ್ನು ಕರೆದುಕೊಂಡು ಹೋಗಿ ಹೋಗಿ ನಾನೂ ಅರ್ಧ ಗೈಡ್ ಆಗಿದ್ದೇನೆ. "ಮಾಯಾಜಿಂಕೆ ಬಂದದ್ದು ಇಲ್ಲೇ ಅಂತೆ" ಎಂದು ಕೈ ತೋರಿಸುವಾಗ, ಒಂದು ದಿನ ಅದು ನಮ್ಮ ಮನೆಯೊಳಕ್ಕೇ ಬಂದೀತು ಅಂತ ಅನ್ನಿಸಿರಲಿಲ್ಲ ನೋಡಿ!

ಬಂದದ್ದು ಗಿಟಾರಿನ ರೂಪದಲ್ಲಿ. ಮಗ ಕೆಲಸಕ್ಕೆ ಸೇರಿದ ಮೇಲೆ ತಿಂಗಳು ತಿಂಗಳು ಕೂಡಿಟ್ಟ ಎಪ್ಪತ್ತು ಸಾವಿರ ಕೊಟ್ಟು, ಯಾರದೋ ಕೈಯಿಂದ ಸೆಕೆಂಡ್ ಹ್ಯಾಂಡ್ ತಂದ. ತಲೆಯ ಮೇಲೆ ಗಿಬ್ಸನ್ ಎಂಬ ಹೆಸರು. ಲೆಸ್ ಪಾಲ್ ಮಾದರಿ. ಮೈಯೆಲ್ಲ ಬಂಗಾರದ ಬಣ್ಣ. 1952ರಲ್ಲಿ ಆ ಮಾದರಿ ಮೊದಲು ಬಂದಾಗಲೂ ಇದೇ ಬಂಗಾರದ ಬಣ್ಣದಲ್ಲೇ ಬಂದಿತ್ತು. "ಹೊಸದಾದ್ರೆ ಎರಡು ಲಕ್ಷದ ಮೇಲಾಗುತ್ತೆ ಅಪ್ಪ" ಅಂತ ಕುಣಿದಾಡಿದ.

ನನಗೆ ಗಿಟಾರ್ ಗೊತ್ತಿಲ್ಲ. ಅಳತೆ ಗೊತ್ತು. 1964ರಲ್ಲಿ ಮಿಗ್-21 ತಯಾರಿಸಲೆಂದು ಓಝರ್‌ನಲ್ಲಿ ಶುರುವಾದ ಎಚ್‌ಎಎಲ್ ಕಾರ್ಖಾನೆಗೆ ಬೆಂಗಳೂರಿನಿಂದ ವರ್ಗವಾಗಿ ಬಂದವನು ನಾನು. ಟೂಲ್ ರೂಮಿನಲ್ಲೇ ಕೂದಲು ಬೆಳ್ಳಗಾಯಿತು. ಮಿಗ್-21 ವಾಯುಪಡೆಯಿಂದ ನಿವೃತ್ತಿಯಾದದ್ದು 2025ರ ಸೆಪ್ಟೆಂಬರಿನಲ್ಲಿ. ನಾನು ಅದಕ್ಕೂ ಮುಂಚೆಯೇ ಆದೆ, ಯಾವ ಪೇಪರಿನಲ್ಲೂ ಬರಲಿಲ್ಲ!

ಒಂದು ವಾರಕ್ಕೆ ಮಗ ಬಂದು ನನ್ನ ಫೀಲರ್ ಗೇಜ್ ಕೇಳಿದ. ಗಿಟಾರಿನ ಮೇಲಿನ ಮನೆಗಳಲ್ಲಿ ಸ್ವರ ಸೇರುತ್ತಿಲ್ಲವಂತೆ. ಗಿಟಾರಿನ ಕತ್ತಿನೊಳಗೆ ಒಂದು ಉಕ್ಕಿನ ಸರಳು ಇರುತ್ತದೆ. ತಂತಿಗಳ ಎಳೆತಕ್ಕೆ ಮರ ಬಿಲ್ಲಿನ ಹಾಗೆ ಬಾಗದಿರಲಿ ಅಂತ. ಅದರ ತುದಿ ನೋಡಲು ತಲೆಯ ಮೇಲಿನ ಪುಟ್ಟ ಮುಚ್ಚಳ ಬಿಚ್ಚಿದೆವು. ಮೂರು ಸ್ಕ್ರೂ ಬಂದವು. ಒಳಗೆ ಅಲೆನ್ ಕೀ ಹಾಕುವ ತೂತು. ಮಗ ಫೋನಿನಲ್ಲಿ ಅಸಲಿಯ ಚಿತ್ರಗಳನ್ನು ತೆಗೆದು ನೋಡಿದ. ಅಸಲಿಯ ಮುಚ್ಚಳಕ್ಕೆ ಎರಡೇ ಸ್ಕ್ರೂ. ಒಳಗೆ ಹಿತ್ತಾಳೆಯ ನಟ್, ತಿರುಗಿಸಲು 5/16 ಇಂಚಿನ ಬಾಕ್ಸ್ ಸ್ಪ್ಯಾನರ್ ಬೇಕು. ಮಗನ ಮುಖ ಸಪ್ಪಗಾಯಿತು. ಮಾರಿದವನ ಫೋನ್ ಆಗಲೇ ಸ್ವಿಚ್ ಆಫ್.

ಎರಡು ದಿನ ಅವನು ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ಹೇಳಿದ: "ನಾನೂ ಹೀಗೇ ಮಾರಿಬಿಡ್ತೀನಿ ಅಪ್ಪ. ನನಗೂ ಗೊತ್ತಾಗಿರ್ಲಿಲ್ಲ ಅಂದ್ರಾಯ್ತು."

"ನಮ್ಮಲ್ಲಿ ರಿಜೆಕ್ಟ್ ಆದ ಪಾರ್ಟನ್ನ ಸುಮ್ನೆ ಮೂಲೆಗೆ ಎಸೀತಿರ್ಲಿಲ್ಲ ಕಣೋ. ಇನ್ಯಾರೂ ತೊಗೊಂಡು ಜೋಡಿಸೋಕೆ ಆಗಬಾರದು ಅಂತ ಕತ್ತರಿಸಿ ಹಾಕ್ತಿದ್ವಿ" ಅಂದೆ.

"ಇದು ವಿಮಾನ ಅಲ್ಲ ಅಪ್ಪ. ಯಾರೂ ಸಾಯಲ್ಲ."

ಇದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. "ಮಾರೋದು ಆಮೇಲೆ. ಮೊದಲು ಅಳೆಯೋಣ ಬಾ" ಅಂದೆ.

ಅಳೆಯುತ್ತಾ ಕೂತಾಗ ಮೈಸೂರಿನಲ್ಲಿ ಅಮ್ಮನ ವೀಣೆಗೆ ಮೇಳ ಕಟ್ಟಲು ಬರುತ್ತಿದ್ದ ಯಜಮಾನರು ನೆನಪಾದರು. ಮೇಣ ಮೆತ್ತಗೆ ಮಾಡಿ, ಇಪ್ಪತ್ತನಾಲ್ಕು ಮೆಟ್ಟಿಲನ್ನೂ ಒಂದೊಂದಾಗಿ ಮೀಟಿ ಕೇಳಿ, ಕೂದಲೆಳೆಯಷ್ಟು ಸರಿಸಿ ಕೂರಿಸುತ್ತಿದ್ದರು. ಅವರ ಗೇಜ್ ಅವರ ಕಿವಿ. ಗಿಟಾರಿನಲ್ಲಿ ಆ ಭಾಗ್ಯವಿಲ್ಲ. ಫ್ರೆಟ್ಟುಗಳನ್ನು ಮರದ ಗೀರಿಗೆ ಬಡಿದು ಕೂರಿಸಿರುತ್ತಾರೆ, ಒಮ್ಮೆ ಕೂತರೆ ಕೂತಂತೆ. ಹಾಗಾಗಿ ಗೀರು ಹಾಕುವ ಮುಂಚೆಯೇ ಲೆಕ್ಕ ಸರಿ ಇರಬೇಕು. ಗೆಲಿಲಿಯೋ ಅಪ್ಪ ವಿನ್ಚೆಂಜೋ ಗೆಲಿಲೇ ಕೂಡ ವಾದ್ಯ ನುಡಿಸುವವನೇ. ಪ್ರತಿ ಮನೆಗೆ ಉಳಿದ ತಂತಿಯ ಹದಿನೆಂಟನೇ ಒಂದು ಪಾಲು ಬಿಡಿ ಅಂತ 1581ರಲ್ಲೇ ಬರೆದ. ಈಗ ಹದಿನೆಂಟರ ಬದಲು 17.817 ಹಿಡಿಯುತ್ತಾರೆ. ಅಷ್ಟು ಸಣ್ಣ ವ್ಯತ್ಯಾಸ ಹನ್ನೆರಡನೇ ಫ್ರೆಟ್ಟಿಗೆ ಬರುವ ಹೊತ್ತಿಗೆ ಎರಡು ಮಿಲಿಮೀಟರಿಗೂ ಹೆಚ್ಚಾಗಿಬಿಡುತ್ತದೆ!

ನಮ್ಮ ಗಿಟಾರಿನ ತಂತಿಯ ಲೆಕ್ಕದ ಉದ್ದ 628 ಮಿ.ಮೀ. ಮೊದಲ ಫ್ರೆಟ್ 35.2ಕ್ಕೆ, ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 314ಕ್ಕೆ ಇರಬೇಕು. ವರ್ನಿಯರ್, ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆವು. ಎಲ್ಲ ಸರಿಯಾಗಿತ್ತು. ಯಾವ ದೇಶದ ಯಾವ ಶೆಡ್ಡಿನಲ್ಲಿ ಯಾರು ಗೀರು ಹಾಕಿದ್ದೋ, ಆ ಮನುಷ್ಯ ತನ್ನ ಕೆಲಸದಲ್ಲಿ ಸುಳ್ಳು ಹೇಳಿರಲಿಲ್ಲ.

ಹಾಗಾದರೆ ದೋಷ ಎಲ್ಲಿ? ಮೊದಲ ಮತ್ತು ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದು, ನಡುವೆ ಗೇಜ್ ತೂರಿಸಿದೆ. 0.60 ಎಲೆ ಸಲೀಸಾಗಿ ಹೋಯಿತು. ಇರಬೇಕಾದದ್ದು 0.20ರ ಆಸುಪಾಸು. ಸರಳನ್ನು ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ಕಾಲು ಸುತ್ತು. ಮರಕ್ಕೆ ಅವಸರ ಆಗುವುದಿಲ್ಲ. ಆಮೇಲೆ ಮೂರು ಮೂರು ಫ್ರೆಟ್ಟಿನ ಮೇಲೆ ಸಣ್ಣ ಉಕ್ಕಿನ ಪಟ್ಟಿ ಇಟ್ಟು ಅಲ್ಲಾಡಿಸಿದೆವು. ಒಂಬತ್ತು ಮತ್ತು ಹದಿನಾಲ್ಕರಲ್ಲಿ ಪಟ್ಟಿ ಟಕಟಕ ಅಂದಿತು. ಅವೆರಡು ಎದ್ದಿದ್ದವು. ಮಾರ್ಕರ್ ಬಳಿದು, ಮಸಿ ಹೋಗುವಷ್ಟೇ ತೀಡಿ, ತಲೆ ಮತ್ತೆ ಗುಂಡಗೆ ಮಾಡಿದೆ. ಕೊನೆಗೆ ಬ್ರಿಜ್ಜು. ತಂತಿ ಒತ್ತಿದರೆ ಅದು ಸ್ವಲ್ಪ ಬಿಗಿದು ಸ್ವರ ಏರುತ್ತದೆ. ಆದ್ದರಿಂದ ಬ್ರಿಜ್ಜಿನ ಕಡೆ ತಂತಿಯನ್ನು ತುಸು ಉದ್ದ ಬಿಡಬೇಕು, ದಪ್ಪ ತಂತಿಗೆ ಹೆಚ್ಚು. ಹನ್ನೆರಡನೇ ಫ್ರೆಟ್ಟಿನ ಮೇಲೆ ಬೆರಳು ಸೋಕಿಸಿ ಮೀಟಿದ ಸ್ವರವೂ ಅಲ್ಲೇ ಒತ್ತಿ ಮೀಟಿದ ಸ್ವರವೂ ಒಂದಾಗುವ ತನಕ ಮಗ ಸ್ಕ್ರೂ ತಿರುಗಿಸುತ್ತಾ ಹೋದ.

ನಾಲ್ಕನೇ ಸಂಜೆ ಎರಡೂ ಒಂದಾದವು. ಅಡಿಗೆ ಮನೆಯಿಂದ ನನ್ನಾಕೆ ಹೊರಗೆ ಬಂದು, "ಈಗ ಶ್ರುತಿ ಸೇರ್ತು" ಅಂದಳು. ಅವಳಿಗೆ ಗಿಬ್ಸನ್ನೂ ಗೊತ್ತಿಲ್ಲ, ಗೇಜೂ ಗೊತ್ತಿಲ್ಲ.

ನೆಂಟರಿಗೆ ಕಥೆ ಹೇಳುವಾಗ ನಾನು ಬಂಗಾರದ ಚರ್ಮದ ಹತ್ತಿರವೇ ನಿಲ್ಲಿಸುತ್ತಿದ್ದೆ. ಮಾರೀಚ ಸೀತೆಯನ್ನು ಕೊನೆಗೆ ಕೆಡಿಸಿದ್ದು ಚರ್ಮದಿಂದಲ್ಲ, ಸಾಯುವಾಗ ರಾಮನ ದನಿಯಲ್ಲಿ ಕೂಗಿ. ನಮ್ಮ ಜಿಂಕೆಗೆ ಆ ವಿದ್ಯೆ ಬರುವುದಿಲ್ಲ. ಅದು ತನ್ನ ದನಿಯಲ್ಲೇ ನುಡಿಯಿತು, ಅದೂ ಚೆನ್ನಾಗಿಯೇ.

ಮಾರುವ ಮಾತು ನಾನು ಮತ್ತೆ ಎತ್ತಲಿಲ್ಲ. ಮಾರನೇ ಬೆಳಿಗ್ಗೆ ಎದ್ದು ನೋಡಿದರೆ ಮಗ ವರಾಂಡದಲ್ಲಿ ಕೂತು, 400 ನಂಬರಿನ ಮರಳು ಕಾಗದದಿಂದ ತಲೆಯ ಮೇಲಿನ ಹೆಸರು ಉಜ್ಜುತ್ತಿದ್ದ. ಹಿಂದಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದ್ದ: "ಗಿಬ್ಸನ್ ಅಲ್ಲ. ಅಪ್ಪ ಮತ್ತು ನಾನು ಸರಿ ಮಾಡಿದ್ದು, ಪಂಚವಟಿ." ಮುಂದೆ ಯಾರ ಕೈಗೆ ಹೋದರೂ ಗೊತ್ತಾಗಲಿ ಅಂತ.

ಎಪ್ಪತ್ತು ಸಾವಿರದ ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ. "ಅಷ್ಟು ದುಡ್ಡಿಗೆ ಒಳ್ಳೇ ವೀಣೇನೇ ಬರ್ತಿತ್ತಲ್ರೀ" ಅಂತ ನನ್ನಾಕೆ ವಾರಕ್ಕೊಮ್ಮೆಯಾದರೂ ಮೀಟುತ್ತಿರುತ್ತಾಳೆ!