ಸಾಹೇಬ್ರು ರಿಟೈರ್ ಆಗ್ಯಾರಂತ!

ಸೈನಿಕ ಕಲ್ಯಾಣದ ಕೆಲಸ ನೋಡುವವರಲ್ಲಿ ಯಾರಿಗೆ ವರ್ಗ, ಯಾರು ನಿವೃತ್ತಿ ಅನ್ನೋದು ಪೇಪರಿನಲ್ಲಿ ಬರೋದೇ ಕಡಿಮೆ. ಔರಾದ್ ಕಡೆಯ ನನ್ನ ದೊಡ್ಡವ್ವನಿಗೆ ಮಾತ್ರ ಅದೇ ದೊಡ್ಡ ಸುದ್ದಿ. ದೊಡ್ಡಪ್ಪ ಫೌಜಿನಲ್ಲಿದ್ದವರು, ಈಗ ಅವಳಿಗೆ ಕುಟುಂಬ ಪಿಂಚಣಿ. ಮೊನ್ನೆ ಫೋನು: "ಬೀದರಿನ ಸಾಹೇಬ್ರು ರಿಟೈರ್ ಆಗ್ಯಾರಂತ. ಇನ್ನ ನಮ್ಮ ಕಾಗದ ಯಾರ್ ನೋಡ್ತಾರೋ ತಮ್ಮಾ?"

ಅವರು ಸಾಹೇಬರೇನಲ್ಲ, ಗುಮಾಸ್ತರು, ತಾವೂ ಮಾಜಿ ಸೈನಿಕರು. ಔರಾದಿನವರ ಜೊತೆ ಮರಾಠಿ, ಭಾಲ್ಕಿಯವರ ಜೊತೆ ಕನ್ನಡ, ಬೀದರಿನವರ ಜೊತೆ ಉರ್ದು. ಡಿಸ್ಚಾರ್ಜ್ ಬುಕ್ಕಿನಲ್ಲಿ ಹೆಂಡತಿಯ ಹೆಸರು ಒಂದು, ಆಧಾರಿನಲ್ಲಿ ಇನ್ನೊಂದು... ಇಂಥ ಗಂಟುಗಳನ್ನು ಬಿಚ್ಚಲು ಅಫಿಡವಿಟ್ ಮಾಡಿಸಿ, ರೆಕಾರ್ಡ್ ಆಫೀಸಿಗೆ ಪತ್ರ ಬರೆದುಕೊಡುತ್ತಿದ್ದರು. ಹೆಸರು ಹೊಂದದಿದ್ದರೆ ಪಿಂಚಣಿಯೇ ತಡೆದೀತು.

2014ರಲ್ಲಿ 'ಜೀವನ್ ಪ್ರಮಾಣ್' ಬಂತು, ಹೆಬ್ಬೆರಳು ಒತ್ತಿದರೆ ಬದುಕಿದ್ದೇವೆ ಅಂತ ಸಾಬೀತು. ಹೊಲದಲ್ಲಿ ಸವೆದ ದೊಡ್ಡವ್ವನ ಬೆರಳು ಯಂತ್ರಕ್ಕೆಲ್ಲಿ ತಿಳಿಯಬೇಕು! 2021ರಲ್ಲಿ ಮುಖ ತೋರಿಸುವ ವ್ಯವಸ್ಥೆ ಬಂದ ಮೇಲೆ ಪ್ರತಿ ನವೆಂಬರಿನಲ್ಲಿ ಅವರೇ ತಮ್ಮ ಮೊಬೈಲ್ ಹಿಡಿದು, "ಅಕ್ಕಾ, ಕಣ್ಣ ಮಿಟುಕಿಸ್ರಿ" ಅನ್ನುತ್ತಿದ್ದರು.

ಹೊಸಬರು ಬೆಳಗಾವಿ ಕಡೆಯವರಂತೆ, ಕಂಪ್ಯೂಟರ್ ಚೆನ್ನಾಗಿ ಬರುತ್ತದಂತೆ, ಮರಾಠಿಯೂ ಬರುತ್ತದಂತೆ. ಎಲ್ಲ ಹೇಳಿದೆ.

ದೊಡ್ಡವ್ವ ಕೇಳಿದ್ದು ಒಂದೇ: "ಎರಡ್ ಸಲ ಕೇಳಿದ್ರ ಸಿಟ್ಟ ಮಾಡ್ತಾರೇನು?"