ಪಕ್ಕವಾದ್ಯದವರು ಬಂದರು, ಹಾಡುವವರು ಬರಲಿಲ್ಲ

ಹಾಡು ಕೆಟ್ಟಾಗ ಮೊದಲ ಏಟು ಬೀಳುವುದು ಸ್ಪೀಕರಿನ ತಲೆಯ ಮೇಲೆ. ಅಕ್ಷರಶಃ ಏಟೇ. ಅಂಗೈಯಲ್ಲಿ ನಾಲ್ಕು ತಟ್ಟಿ, ಬಗ್ಗದಿದ್ದರೆ ಇನ್ನೊಂದನ್ನು ಜೋರಾಗಿಯೇ ಕೊಟ್ಟು, 'ಇದರ ಕಥೆ ಮುಗೀತು' ಎಂದು ತೀರ್ಪು ಹೇಳುವುದು ಎಲ್ಲ ಮನೆಗಳ ಪದ್ಧತಿ. ಪಾಪ, ಅದರೊಳಗೆ ಇರುವುದಾದರೂ ಏನು? ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ, ಒಂದು ಕಾಗದದ ಕೋನು, ಸದ್ದು ಹಿಗ್ಗಿಸಲು ಬೆರಳುಗುರಿನಷ್ಟು ಚಿಪ್ಪು. ತಂಟೆಯೆಲ್ಲ ಪ್ಲೇಯರಿಗೂ ಅದಕ್ಕೂ ನಡುವೆ ನೇತಾಡುವ ಮೊಳದುದ್ದದ ವೈರಿನದು ಎಂಬುದು ನನ್ನ ದೃಢ ನಂಬಿಕೆ.

ನಮ್ಮ ಸೋದರತ್ತೆಯ ಬಳಿ ಪುಟ್ಟದೊಂದು ಎಂಪಿ3 ಪ್ಲೇಯರೂ ಅದಕ್ಕೊಂದು ಜೋಡಿ ಸ್ಪೀಕರೂ ಇವೆ. ಮೆಮೊರಿ ಕಾರ್ಡಿನ ತುಂಬ ಕಚೇರಿಗಳು, ಹಳೇ ಸಿನಿಮಾ ಹಾಡುಗಳು. ಒಂದು ಬೆಳಿಗ್ಗೆ ಫೋನು ಬಂತು: 'ಸ್ವಲ್ಪ ಬಂದು ಹೋಗೋ. ಪಿಟೀಲಿನವರು ಬಂದಿದ್ದಾರೆ, ಮೃದಂಗದವರು ಬಂದಿದ್ದಾರೆ, ಹಾಡೋರೇ ಬಂದಿಲ್ಲ.' ಹೋಗಿ ಕೇಳಿದೆ. ಅತ್ತೆ ಹೇಳಿದ್ದರಲ್ಲಿ ಒಂದಕ್ಷರ ಹೆಚ್ಚಿರಲಿಲ್ಲ. ಪಕ್ಕವಾದ್ಯಗಳು ಖಣಖಣ; ಗಾಯಕರು ಮಾತ್ರ ಹಿತ್ತಲ ಬಾವಿಗಿಳಿದು ಹಾಡುತ್ತಿರುವ ಹಾಗೆ.

ಇಂಥ ಕಾಯಿಲೆ ಕಂಡರೆ ನನಗೆ ಖುಷಿ. 3.5 ಮಿಲಿಮೀಟರಿನ ಆ ಪಿನ್ನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಎರಡು ಸಣ್ಣ ಕಪ್ಪು ಉಂಗುರ, ಅವು ಬೇರ್ಪಡಿಸಿದ ಮೂರು ಭಾಗ. ತುದಿ ಎಡ ಸ್ಪೀಕರಿಗೆ, ನಡು ಬಲಕ್ಕೆ, ಬುಡದ್ದು ಇಬ್ಬರಿಗೂ ಸೇರಿದ ಗ್ರೌಂಡು. ಎಡದ ಕರೆಂಟಾಗಲಿ ಬಲದ್ದಾಗಲಿ ತಂತಮ್ಮ ತಂತಿಯಲ್ಲಿ ಹೋಗಿ ಈ ಗ್ರೌಂಡಿನ ದಾರಿಯಲ್ಲೇ ವಾಪಸಾಗಬೇಕು. ಆ ದಾರಿ ತುಂಡಾದರೆ ಎಡಕ್ಕೆ ಬಲವೇ ದಾರಿ, ಬಲಕ್ಕೆ ಎಡವೇ. ಆಗ ಎರಡೂ ಕಡೆ ಸಮನಾಗಿರುವ ಸದ್ದು ಪರಸ್ಪರ ವಜಾ ಆಗಿ, ವ್ಯತ್ಯಾಸವಷ್ಟೇ ಕೇಳುತ್ತದೆ. ಧ್ವನಿಮುದ್ರಣ ಮಾಡುವವರು ಹಾಡುಗಾರರನ್ನು ಕೂರಿಸುವುದು ನಟ್ಟನಡುವೆ, ಎರಡೂ ಕಡೆಗೆ ಸರಿಪಾಲು. ಹಾಗಾಗಿ ಮೊದಲು ಮಾಯವಾಗುವವರೂ ಅವರೇ.

ಖಾತ್ರಿಗೆಂದು ಪಿ.ಬಿ. ಶ್ರೀನಿವಾಸ್ ಅವರ ಅರವತ್ತರ ದಶಕದ ಹಾಡೊಂದನ್ನು ಹಾಕಿದೆ. ಆ ಕಾಲದ ಸಿನಿಮಾ ಹಾಡುಗಳು ಮೋನೋ, ಎಡದಲ್ಲಿದ್ದದ್ದೇ ಬಲದಲ್ಲೂ. ಆದ್ದರಿಂದ ಹಾಡಿಗೆ ಹಾಡೇ ಮಂಗಮಾಯ! ಗ್ರಾಮಫೋನ್ ತಟ್ಟೆಯ ಗೀರಿನ ಚಟಪಟವಷ್ಟೇ ಉಳಿಯಿತು. ಹೊಸ ಹಾಡಿಗೆ ಕೊರಳಿಲ್ಲ, ಹಳೆಯದಕ್ಕೆ ಉಸಿರೇ ಇಲ್ಲ ಅಂದರೆ ಗ್ರೌಂಡ್ ಹೋಗಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಮೀಟರ್ ಯಾಕೆ ಬೇಕು?

ಅತ್ತೆಗೆ ಇದನ್ನೆಲ್ಲ ವಿವರಿಸಿ, ಕರೋಕೆ ಮಾಡುವವರು ಬೇಕೆಂದೇ ಇದೇ ಉಪಾಯ ಮಾಡಿ ಕೊರಳನ್ನು ಅಳಿಸುತ್ತಾರೆ ಎಂದೆ. ಅವರು ಸೆರಗು ಸರಿಮಾಡಿಕೊಂಡು, 'ಹಾಗಿದ್ರೆ ಇವತ್ತೊಂದು ದಿನ ಹೀಗೇ ಇರ್ಲಿ ಬಿಡು' ಎಂದು ಕಲ್ಯಾಣಿ ಎತ್ತಿಕೊಂಡರು. ಶ್ರುತಿ ಒಂದು ಕೂದಲೆಳೆ ಕೆಳಗಿತ್ತು. ಮೃದಂಗದವರು ದೂರಲಿಲ್ಲ.

ಎಷ್ಟೋ ಸಲ ತಂತಿ ತುಂಡಾಗಿರುವುದೇ ಇಲ್ಲ. ಪ್ಲೇಯರಿಗೆ ಹಾಕಿದ ದಪ್ಪ ರಬ್ಬರ್ ಕವರ್ ಅಡ್ಡಬಂದು ಪಿನ್ನು ಪೂರ್ತಿ ಒಳಹೋಗಿರುವುದಿಲ್ಲ. ಇಲ್ಲವೇ ಜೇಬಿನ ಹಿಂಜು ತೂತಿನ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಪ್ಲೇಯರ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯಲ್ಲಿ ಮೆತ್ತಗೆ ಕೆದಕಿದರೆ ಬೂದುಬಣ್ಣದ ಉಂಡೆ ಹೊರಬರುತ್ತದೆ. ಅತ್ತೆಯ ವೈರು ಮಾತ್ರ ಪಿನ್ನಿನ ಕತ್ತಿನಲ್ಲೇ ಮುರಿದಿತ್ತು. ಅಚ್ಚು ಹೊಯ್ದ ಪಿನ್ನು ಬಿಚ್ಚಲು ಬರುವುದಿಲ್ಲ, ಕತ್ತರಿಸಿ ಹೊಸದು ಹಾಕಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇಂಥ ಪಿನ್ನುಗಳು ರಾಶಿಗಟ್ಟಲೆ ಸಿಗುತ್ತವೆ. ಒಳಗಿನ ಎಳೆಗಳಿಗೆ ಕೆಂಪು, ಹಸಿರು ಬಣ್ಣದ ಲೇಪವಿರುತ್ತದೆ. ಅದು ಚಂದಕ್ಕಲ್ಲ, ಎಳೆಗಳು ಒಂದಕ್ಕೊಂದು ತಾಗದಿರಲಿ ಎಂದು. ಕಾದ ಸೋಲ್ಡರಿಂಗ್ ಐರನ್ನಿಂದ ಆ ಲೇಪವನ್ನು ಸುಟ್ಟು ತೆಗೆಯದಿದ್ದರೆ ಬೆಸುಗೆ ಹಿಡಿಯುವುದೇ ಇಲ್ಲ. ಮಣಿಯಂತೆ ಉರುಳಿ ಬಿದ್ದುಹೋಗುತ್ತದೆ.

ಉಳಿದವು ಸಣ್ಣಪುಟ್ಟ ರೋಗಗಳು. ಗುಂಯ್ ಎನ್ನುತ್ತಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಹಾಕಿ ನೋಡಿ. ನಿಂತರೆ ಕಳ್ಳ ಸಿಕ್ಕಿದ. ತವಿಲಿನ ಪೆಟ್ಟು ಬಿದ್ದಾಗಲೆಲ್ಲ ದನಿ ಒಡೆದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಯಾರೋ ಬಾಸ್ ಬೂಸ್ಟ್ ಒತ್ತಿದ್ದಾರೆ. ಹಿಡಿಯಷ್ಟಿರುವ ಸ್ಪೀಕರಿನಿಂದ ಎದೆ ನಡುಗಿಸುವ ಬಾಸ್ ಕೇಳುವವರ ಮೇಲೆ ನನಗೆ ಕನಿಕರವೂ ಇಲ್ಲ.

ಆದರೆ ಪಕ್ಕದ ಮನೆಯ ಮೇಷ್ಟ್ರ ಕೇಸು ಬೇರೆ. ಹಾಡಿನ ನಡುನಡುವೆ ಝಲ್ಲೆನ್ನುತ್ತಿತ್ತು. ಕೋನು ಹರಿದಿದೆ, ಬದಲಾಯಿಸಬೇಕು ಎಂದು ಅಂಗಡಿಯಲ್ಲಿ ಹೇಳಿಸಿಕೊಂಡು ಬಂದಿದ್ದರು. ನಾನು ಸ್ಪೀಕರನ್ನು ಕೈಯಲ್ಲಿ ಎತ್ತಿ ಹಿಡಿದೆ, ಝಲ್ ನಿಂತಿತು. ಕಬ್ಬಿಣದ ಬೀರುವಿನ ಮೇಲಿಟ್ಟೆ, ಶುರುವಾಯಿತು. ಬೀರುವಿನ ಬಾಗಿಲು ತೆಗೆಸಿದರೆ ಮೇಲಿನ ಅರೆಯಲ್ಲಿ ಅವರ ಮನೆಯವರ ಗಾಜಿನ ಬಳೆಗಳ ತಗಡಿನ ಡಬ್ಬ! ಸ್ಪೀಕರಿನ ಅಡಿಗೆ ದಪ್ಪನೆಯ ಟವೆಲನ್ನು ಮಡಿಸಿ ಹಾಸಿದೆ. ಈಗ ಎಲ್ಲ ಸರಿಯಿದೆ. ಟವೆಲನ್ನು ಒಗೆಯಲು ಹಾಕಿದ ದಿನ ಮಾತ್ರ ತನಿ ಆವರ್ತನಕ್ಕೆ ಬಳೆಗಳೂ ಸೇರಿಕೊಳ್ಳುತ್ತವಂತೆ.