ಗಡಿಯ ಮೂರು ಊರು, ಬಾವಿಯ ನೀರು

1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯ 3ನೆಯ ಕಲಮು ಓದಲು ನೀರಸವಾದುದು. ಅದರಲ್ಲಿ ಹೆಚ್ಚಿನದು ಊರುಗಳ ಹೆಸರಿನ ಪಟ್ಟಿಯೇ. ಆದರೆ ಈ ಭಾಗದಲ್ಲಿ ವಕೀಲಿ ವೃತ್ತಿ ಮಾಡುವ ನನ್ನಂಥವನಿಗೆ ಆ ಪಟ್ಟಿಯೇ ಒಂದು ಚರಿತ್ರೆ. ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವಲಯವನ್ನು ಬಿಟ್ಟು ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವಲಯ, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆ ವರ್ಷದ ನವೆಂಬರ್ 1ರಂದು ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಂದು ಇವೇ ಊರುಗಳು ತೆಲಂಗಾಣದವಾದವು. ಜನ ಎದ್ದು ಎಲ್ಲಿಗೂ ಹೋಗಲಿಲ್ಲ. ಗೆರೆ ಮಾತ್ರ ಅವರನ್ನು ದಾಟಿ ಹೋಯಿತು. ಹೊಲ, ಬಾವಿ, ಅಡುಗೆಮನೆಯ ಮಾತು, ಮಲಗುವ ಮುನ್ನ ಮಾಡುವ ಪ್ರಾರ್ಥನೆ ಇದ್ದಲ್ಲಿಯೇ ಉಳಿದವು.

ಮೂರೂ ಊರುಗಳ ಬಣ್ಣ ಬೇರೆ ಬೇರೆ. ಹೈದರಾಬಾದಿನಿಂದ ಮುಂಬಯಿಗೆ ಹೋಗುವ ಹೆದ್ದಾರಿಯ ಮೇಲಿರುವ ಜಹೀರಾಬಾದಿನದು ಕೆಂಪು ಮಣ್ಣು, ಕಬ್ಬಿನ ಗಾಡಿಗಳ ಊರು. ಅಲ್ಲಿಗೆ ಸಮೀಪದ ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ಕರ್ನಾಟಕ, ಮಹಾರಾಷ್ಟ್ರಗಳಿಂದಲೂ ಭಕ್ತರು ನಡೆದುಕೊಳ್ಳುತ್ತಾರೆ. ನಾರಾಯಣಖೇಡದ ಸಂತೆಯಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು, ಲಂಬಾಣಿ ಮಾತುಗಳು ಒಂದೇ ತಕ್ಕಡಿಯ ಸುತ್ತ ಕೇಳಿಸುತ್ತವೆ. 1874ರಲ್ಲಿ ತೆರೆದ ವಾಡಿ–ಸಿಕಂದರಾಬಾದ್ ರೈಲುದಾರಿಯ ಮೇಲಿನ ತಾಂಡೂರು ಹಾಸುಗಲ್ಲಿಗೂ ತೊಗರಿಗೂ ಹೆಸರಾದುದು. ಅಲ್ಲಿಯ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತು ದೊರೆಯಿತು.

ಈ ನೆಲದ ಕ್ರೈಸ್ತ ಸಭೆಗಳ ಬೇರು ಹೆಚ್ಚಾಗಿ ಮೆಥೊಡಿಸ್ಟ್ ಮಿಷನ್ನಿನದು. ಬೀದರ ಮತ್ತು ವಿಕಾರಾಬಾದ ಆ ಮಿಷನ್ನಿನ ಶಾಲೆ, ಆಸ್ಪತ್ರೆಗಳ ಕೇಂದ್ರಗಳಾದವು. ಪೂರ್ವಕ್ಕೆ ಮೆದಕಿನಲ್ಲಿ ಚಾರ್ಲ್ಸ್ ವಾಕರ್ ಪಾಸ್ನೆಟ್ ಕಟ್ಟಿಸಿದ ಮಹಾದೇವಾಲಯವು 1924ರ ಡಿಸೆಂಬರ್ 25ರಂದು ಪ್ರತಿಷ್ಠೆಗೊಂಡಿತು. ಬರಗಾಲದಲ್ಲಿ ಹಸಿದವರಿಗೆ ಕೆಲಸ ಕೊಟ್ಟು ಅನ್ನವಿಕ್ಕಿದುದರಿಂದ ಆ ಗೋಡೆಗಳು ಎದ್ದವೆಂಬುದು ಜನಜನಿತ. ತಾಂಡೂರು–ವಿಕಾರಾಬಾದ ನಡುವಿನ ಧಾರೂರಿನಲ್ಲಿ ಸುಮಾರು ಒಂದು ಶತಮಾನದಿಂದ ಪ್ರತಿ ನವೆಂಬರಿನಲ್ಲಿ ಮೆಥೊಡಿಸ್ಟ್ ಜಾತ್ರೆ ಸೇರುತ್ತದೆ. ‘ಜಾತ್ರೆ’ ಎಂಬ ಮಾತೇ ಗಮನಾರ್ಹ. ಪರದೇಶದಿಂದ ಬಂದ ಸುವಾರ್ತೆ ಈ ನೆಲದಲ್ಲಿ ಬೇರೂರಿದುದು ಈ ನೆಲದ ರೂಢಿಯನ್ನು ಉಟ್ಟುಕೊಂಡೇ: ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡುವುದು, ಮರದಡಿ ಇಳಿದುಕೊಳ್ಳುವುದು, ಹರಕೆ ಒಪ್ಪಿಸುವುದು.

ಅಲ್ಲಿಗೆ ಹೋದವರು ಏನನ್ನು ಪಡೆದು ಬರುತ್ತಾರೆ? ರೋಗ ವಾಸಿಯಾಗಲೆಂದು, ಮಗಳ ಮದುವೆ ಕೂಡಿಬರಲೆಂದು ಬೇಡಿದವರೆಲ್ಲರಿಗೂ ಬೇಡಿದ್ದು ಸಿಗುವುದಿಲ್ಲ. ಆದರೂ ಮರುವರ್ಷ ಅವರೇ ಮತ್ತೆ ಬರುತ್ತಾರೆ. ಇದನ್ನು ತಿಳಿಯಲು ನನಗೆ ನೆರವಾಗುವುದು ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದ ಬಾವಿಯ ಪ್ರಸಂಗ. ಪರಸ್ಪರ ಪಾತ್ರೆ ಮುಟ್ಟದ ಎರಡು ಜನಾಂಗಗಳ ನಡುವೆ, ಸುಡುವ ಮಧ್ಯಾಹ್ನದಲ್ಲಿ, ಯೇಸು ಸಮಾರ್ಯದ ಸ್ತ್ರೀಯಿಂದ ನೀರು ಬೇಡುತ್ತಾನೆ. ಕೊಡಲು ಬಂದವನು ಮೊದಲು ಕೈಯೊಡ್ಡುತ್ತಾನೆ. ಆರಾಧನೆಗೆ ಯಾವ ಬೆಟ್ಟ ಸರಿ ಎಂಬ ಅವಳ ಪ್ರಶ್ನೆಗೆ, ಸ್ಥಳದ ಹಂಗಿಲ್ಲದ ಆರಾಧನೆಯ ಕಾಲ ಬಂದಿದೆ ಎಂದು ಉತ್ತರಿಸುತ್ತಾನೆ. ಕೊನೆಗೆ ಅವಳು ಕೊಡವನ್ನು ಅಲ್ಲಿಯೇ ಬಿಟ್ಟು ಊರೊಳಗೆ ಹೋಗುತ್ತಾಳೆ. ಅವಳ ಬಡತನವಾಗಲಿ, ನೀರು ಸೇದುವ ದಿನದ ಕೆಲಸವಾಗಲಿ ತೀರಿತೆಂದು ಸುವಾರ್ತೆ ಹೇಳುವುದಿಲ್ಲ. ತನ್ನ ಬಾಳನ್ನೆಲ್ಲ ಅರಿತವನೊಬ್ಬನು ತನ್ನನ್ನು ತಳ್ಳಿಹಾಕಲಿಲ್ಲವೆಂಬುದೇ ಅವಳ ತೃಪ್ತಿ. ಕ್ರೈಸ್ತ ವಿಶ್ವಾಸದಲ್ಲಿ ಆತ್ಮತೃಪ್ತಿಯೆಂದರೆ ಬಯಕೆ ಈಡೇರುವುದಲ್ಲ, ಪ್ರೀತಿಸಲ್ಪಟ್ಟಿದ್ದೇನೆಂಬ ಅರಿವು.

ನ್ಯಾಯಾಲಯದ ಪಡಸಾಲೆಯಲ್ಲಿ ನಿಂತವರಿಗೆ ಇದರ ಅರ್ಥ ಬೇಗ ಹೊಳೆಯುತ್ತದೆ. ತೊಗರಿ ಹೊಲದ ಬದುವಿಗಾಗಿ ಅಣ್ಣತಮ್ಮಂದಿರು ಹೂಡಿದ ದಾವೆ ವರ್ಷಗಟ್ಟಲೆ ನಡೆದು ಡಿಕ್ರಿಯಾಗುತ್ತದೆ. ಗೆದ್ದವನಿಗೆ ಒಂದು ಮೊಳ ನೆಲ ಸಿಗುತ್ತದೆ. ಹಬ್ಬದ ದಿನ ಅಣ್ಣನ ಮನೆಯ ಬಾಗಿಲು ಮುಚ್ಚಿರುತ್ತದೆ. ನೆಲವನ್ನು ಕೊಡಿಸುವ ಅಧಿಕಾರ ಕಾನೂನಿಗುಂಟು, ಬಾಗಿಲು ತೆರೆಸುವ ಅಧಿಕಾರವಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಒಂದಾಗಬೇಕೆಂದೂ, ಎದುರಾಳಿಯೊಡನೆ ದಾರಿಯಲ್ಲಿಯೇ ರಾಜಿಯಾಗಬೇಕೆಂದೂ ಯೇಸು ಪರ್ವತಪ್ರಸಂಗದಲ್ಲಿ ಬೋಧಿಸಿದನು. ವಕೀಲರ ಆದಾಯಕ್ಕೆ ಒಗ್ಗದ ಬೋಧೆ ಇದು; ಆದರೆ ಮನಶ್ಶಾಂತಿಗೆ ಇದಕ್ಕಿಂತ ಹತ್ತಿರದ ದಾರಿ ನನಗೆ ಕಂಡಿಲ್ಲ.

ನಮ್ಮ ಗಡಿಯ ಮನೆಗಳಿಗೆ ಇನ್ನೊಂದು ಪ್ರಶ್ನೆಯುಂಟು. ಅಜ್ಜಿ ಕನ್ನಡದಲ್ಲಿ ಪ್ರಾರ್ಥಿಸುತ್ತಾಳೆ. ಮೊಮ್ಮಗ ಸಭೆಯಲ್ಲಿ ತೆಲುಗು ಕೀರ್ತನೆ ಹಾಡುತ್ತಾನೆ, ಮೊಬೈಲಿನಲ್ಲಿ ಇಂಗ್ಲಿಷ್ ಹಾಡು ಕೇಳುತ್ತಾನೆ. ತೆಲುಗಿನ ಮೇಲೆ ನಮಗೆ ಮುನಿಸಿಲ್ಲ. ಅದು ನೆರೆಮನೆಯ ಮಾತು, ಅನ್ನದ ಮಾತು. ಆದರೆ ಸಂಕಟದಲ್ಲಿ ಬಾಯಿಗೆ ತಾನಾಗಿ ಬರುವ ಮಾತು ಬತ್ತಿದರೆ ಪ್ರಾರ್ಥನೆಯೂ ಬತ್ತುತ್ತದೆ. ಪಂಚಾಶತ್ತಮ ದಿನದಂದು ಯೆರೂಸಲೇಮಿನಲ್ಲಿ ನೆರೆದ ಹಲವು ದೇಶದವರು ದೇವರ ಮಹತ್ಕಾರ್ಯಗಳನ್ನು ತಮ್ಮ ತಮ್ಮ ತಾಯ್ನುಡಿಯಲ್ಲಿ ಕೇಳಿದರೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಒಂದೇ ಭಾಷೆಗೆ ಎಲ್ಲರೂ ಬರಲೆಂದು ಪವಿತ್ರಾತ್ಮನು ಕಾಯಲಿಲ್ಲ. ಒಬ್ಬೊಬ್ಬರ ಭಾಷೆಗೆ ತಾನೇ ಇಳಿದನು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ವರ್ಷಗಟ್ಟಲೆ ದುಡಿದು 1831ರ ಹೊತ್ತಿಗೆ ಇಡೀ ಸತ್ಯವೇದವನ್ನು ಕನ್ನಡಕ್ಕೆ ತಂದುದೂ ಇದೇ ನಂಬಿಕೆಯಿಂದ.

ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣದ ಸೌಲಭ್ಯವಿರಬೇಕೆನ್ನುತ್ತದೆ. 25ನೆಯ ವಿಧಿ ಧರ್ಮಸ್ವಾತಂತ್ರ್ಯವನ್ನು ಕಾಯುತ್ತದೆ. ಶಾಲೆಗಾಗಿ, ಶಿಕ್ಷಕರಿಗಾಗಿ, ಪಠ್ಯಪುಸ್ತಕಕ್ಕಾಗಿ ಈ ಹಕ್ಕನ್ನು ಕೇಳುತ್ತಲೇ ಇರೋಣ. ಆದರೆ ಮನೆಯೊಳಗಿನ ಕೆಲಸಕ್ಕೆ ಯಾವ ಅರ್ಜಿಯೂ ಬೇಡ. ಕನ್ನಡ ಶಾಲೆಗೆ ಹೋಗುವ ಮಗುವಿನಿಂದ ದಿನವೂ ಒಂದು ಅಧ್ಯಾಯವನ್ನು ಅಜ್ಜಿಯ ಮುಂದೆ ಗಟ್ಟಿಯಾಗಿ ಓದಿಸಿರಿ. ಕ್ರೈಸ್ತರಲ್ಲದ ಮನೆಗಳಲ್ಲಿ ಅದು ವಚನವಾಗಲಿ, ದಾಸರ ಪದವಾಗಲಿ. ಕಣ್ಣು ಮಂಜಾದ ಅಜ್ಜಿ ತಪ್ಪಿದ ಒತ್ತಕ್ಷರವನ್ನು ಕಿವಿಯಿಂದಲೇ ತಿದ್ದುತ್ತಾಳೆ. ಮಗು ಮತ್ತೊಮ್ಮೆ ಸರಿಯಾಗಿ ಓದುತ್ತದೆ.